ಎರಡನೇ ಸಾಲು, ಕಿಟಕಿಯ ಪಕ್ಕ

ಆಸ್ಪತ್ರೆಯ ಲಾಂಡ್ರಿ, ಹಿಂದಿನ ಕೋಣೆ
ಮಾರ್ಚ್ ೪, ಮಂಗಳವಾರ ಮಧ್ಯಾಹ್ನ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಮರದ ಡಿಪೋದಲ್ಲಿ ದಿನವಿಡೀ ಬಗ್ಗಿ ದಿಮ್ಮಿಗಳ ಮೇಲೆ ನಂಬರು ಬರೆಯುವ ಕೆಲಸ ನಿನ್ನಂಥ ಬೆನ್ನಿನವನಿಗಲ್ಲ ಎಂದು ನೀನು ಹೊರಟ ದಿನವೇ ಹೇಳಿದ್ದೆ. ನೀನು ಕೇಳಲಿಲ್ಲ, ಇರಲಿ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯಾ? ಇಷ್ಟನ್ನೂ ನಾನು ಬಾಯಿಬಿಟ್ಟು ಕೇಳಬೇಕಾಗಿ ಬಂದಿರುವುದು ನಿನ್ನ ಕಾರ್ಡಿನ ದೆಸೆಯಿಂದ. "ಚೆನ್ನಾಗಿದ್ದೇನೆ. ಕೆಲಸ ಇದೆ." ಹತ್ತು ತಿಂಗಳಲ್ಲಿ ನಾಲ್ಕು ಕಾರ್ಡು, ನಾಲ್ಕರಲ್ಲೂ ಅದೇ ಎರಡು ಮಾತು. ಪ್ರತಿ ಭಾನುವಾರ ಮುಕ್ಕಾಲು ಗಂಟೆ ಉಸಿರು ಬಿಡದೆ ಮಾತಾಡುತ್ತಿದ್ದ ಪಾದ್ರಿ ನೀನೇ ಏನೋ? ಇಲ್ಲಿ ನಾವೆಲ್ಲ ಕ್ಷೇಮ. ಅಮ್ಮನ ಕಿವಿ ಇನ್ನಷ್ಟು ಮಂದವಾಗಿದೆ, ಬಾಯಿ ಮಾತ್ರ ಮೊದಲಿನಷ್ಟೇ ಚುರುಕಾಗಿದೆ.

ನಿನ್ನವಳನ್ನು ಮಣ್ಣು ಮಾಡಿದ ಮೂರನೇ ವಾರ ಚರ್ಚಿನ ಬೀಗದ ಕೈಯನ್ನು ನನ್ನ ಇಸ್ತ್ರಿ ಮೇಜಿನ ಮೇಲಿಟ್ಟು ಹೊರಟುಹೋದೆಯಲ್ಲ, ಆಮೇಲೆ ಇಲ್ಲಿ ಏನಾಯಿತು ಎಂದು ಒಂದು ಸಲವಾದರೂ ಕೇಳಿದೆಯಾ? ಬಿಷಪ್ಪರ ಕಚೇರಿಯವರು ಎರಡು ತಿಂಗಳಲ್ಲಿ ಬೇರೆ ಪಾದ್ರಿಯನ್ನು ಕಳಿಸುತ್ತೇವೆ ಎಂದರು. ಅವರ ಎರಡು ತಿಂಗಳು ಇನ್ನೂ ಮುಗಿದಿಲ್ಲ. ದರ್ಜಿ ಮಾವ ಸಭೆಯ ಹಿರಿಯರು, ಕೈಕಟ್ಟಿ ಕೂರುವ ಜಾಯಮಾನದವರಲ್ಲ. ಚರ್ಚಿನ ಬೀರು ತೆರೆದು ನಿನ್ನ ಪ್ರಸಂಗದ ನೋಟ್‌ಬುಕ್ಕುಗಳನ್ನು ಹೊರಗೆ ತೆಗೆದರು. ಗೆದ್ದಲು ತಿಂದು ಉಳಿದದ್ದರಲ್ಲಿ ನಲವತ್ತಮೂರು ಪ್ರಸಂಗ ಸಿಕ್ಕಿದವು. ಪಾದ್ರಿ ಇಲ್ಲದಿದ್ದರೇನು, ಬರೆದದ್ದು ಇದೆಯಲ್ಲ, ಯಾರಾದರೂ ಓದಿದರಾಯಿತು ಎಂದು ತೀರ್ಮಾನವಾಯಿತು. ನಿನ್ನ ಅಕ್ಷರವೋ, ಕಾಗೆ ಕಾಲು ಗುಬ್ಬಿ ಕಾಲು. ಅದನ್ನು ಓದಬಲ್ಲವಳು ನಿನಗೆ ಅಕ್ಷರ ತಿದ್ದಿಸಿದ ನಾನೊಬ್ಬಳೇ. ಹೀಗೆ, ವಾರಕ್ಕೆ ಆರು ದಿನ ರೋಗಿಗಳ ಹಾಸಿಗೆಬಟ್ಟೆ ಮಡಚುವವಳು ಏಳನೇ ದಿನ ಪ್ರಸಂಗಪೀಠ ಹತ್ತಿದೆ. ಹದಿನಾರು ವರ್ಷ ಎರಡನೇ ಸಾಲಿನಲ್ಲಿ, ಕಿಟಕಿಯ ಪಕ್ಕ ಕೂತು ನಿನ್ನ ತಪ್ಪು ಹುಡುಕುತ್ತಿದ್ದೆನಲ್ಲ, ಆ ಪಾಪಕ್ಕೆ ಇದೇ ಶಿಕ್ಷೆ ಇರಬೇಕು. ಆ ಜಾಗದಲ್ಲಿ ಈಗ ಅಮ್ಮ ತನ್ನ ಚೀಲ ಇಡುತ್ತಾಳೆ.

ಮೊದಲ ಭಾನುವಾರದ ಕಥೆ ಕೇಳು. ಪುಟದ ಮೇಲೆ ಏನಿದೆಯೋ ಅದನ್ನು ಒಂದಕ್ಷರ ಬಿಡದೆ ಓದಬೇಕು ಎಂದು ದರ್ಜಿ ಮಾವ ತಾಕೀತು ಮಾಡಿದ್ದರು. ಕಣ್ಣಿಗೆ ಬಿದ್ದದ್ದನ್ನೆಲ್ಲ ಓದಿದೆ. ಕಪ್ಪು ಶಾಯಿಯಲ್ಲಿದ್ದ ಪ್ರಸಂಗವನ್ನೂ ಓದಿದೆ, ನಡುನಡುವೆ ನಿನಗೆ ನೀನೇ ಕೆಂಪು ಶಾಯಿಯಲ್ಲಿ ಬರೆದುಕೊಂಡಿದ್ದ ಸೂಚನೆಗಳನ್ನೂ ಓದಿದೆ. "ಇಲ್ಲಿ ನಿಲ್ಲು. ನೀರು ಕುಡಿ" ಎಂದೆ. ದರ್ಜಿ ಮಾವ ಎದ್ದು ಲೋಟ ತಂದುಕೊಟ್ಟರು. "ಬೇಕರಿಯವನು ಮಲಗಿದ್ದರೆ ದನಿ ಎತ್ತರಿಸು" ಎಂದೆ. ಇಡೀ ಸಭೆ ಹಿಂದೆ ತಿರುಗಿತು. ಬೇಕರಿಯವರು ದಡಬಡಿಸಿ ಎದ್ದು ನಿಂತು ಆಮೆನ್ ಅಂದರು. ಭೂಮಿ ಬಾಯಿಬಿಡಬಾರದೇ ಅನಿಸಿತು ನನಗೆ. ಮುಂದಿನ ವಾರ ಬುದ್ಧಿ ಬಂದು ಕೆಂಪನ್ನು ಬಿಟ್ಟು ಓದಿದೆ, ಜನ ಸಪ್ಪೆ ಮುಖ ಹಾಕಿಕೊಂಡು ಮನೆಗೆ ಹೋದರು. ಅಮ್ಮನಂತೂ ಅರ್ಧವೂ ಕಿವಿಗೆ ಬೀಳದಿದ್ದರೂ ಓಣಿಗೆಲ್ಲ ಹೇಳಿಕೊಂಡು ಬಂದಳು: "ನನ್ನ ಮಗ ಬರ್ದಿರೋದು ಚೆನ್ನಾಗೇ ಇದೆ, ಇವಳು ಓದೋದು ಸರಿ ಇಲ್ಲ."

ಇದಕ್ಕಿಂತ ದೊಡ್ಡ ಪೀಡೆ ಆ ಪ್ರಸಂಗಗಳ ಸರದಿ. ನೀನು ಬರೆದ ಕ್ರಮದಲ್ಲೇ ಓದಬೇಕಂತೆ. ಬಾಯ್ಲರಿನ ಕೊಳವೆ ಒಡೆದು ನನ್ನ ಬಲಗೈ ಮೊಣಕೈವರೆಗೆ ಬೆಂದ ವಾರ ಯಾವ ಪ್ರಸಂಗದ ಸರದಿ ಬಂತು ಗೊತ್ತೇ? ಎಲ್ಲದಕ್ಕೂ ದೇವರಿಗೆ ಸ್ತೋತ್ರ ಹೇಳಬೇಕು ಎಂಬುದು. ಎಡಗೈಯಲ್ಲಿ ಪುಟ ತಿರುಗಿಸುತ್ತ ಹಲ್ಲು ಕಚ್ಚಿಕೊಂಡು ಓದಿದೆ. ಮದುವೆಯಾಗಿ ಒಂಬತ್ತು ವರ್ಷದ ಮೇಲೆ ನನ್ನ ಮಗಳ ಮಡಿಲು ತುಂಬಿದ ವಾರ ಬಂದದ್ದು, ಮನುಷ್ಯ ಬರೀ ಮಣ್ಣು ಎಂಬ ಪ್ರಸಂಗ. ಮುಖದ ತುಂಬ ನಗು ಇಟ್ಟುಕೊಂಡು ಸಾವಿನ ಮಾತು ಓದಿದೆ. ಒಂದು ವಾರ ಹಿಂದುಮುಂದು ಮಾಡೋಣ ಮಾವ ಎಂದು ಗೋಗರೆದರೂ ಅವರದು ಒಂದೇ ಮಾತು: "ಅಳತೆ ತಗೊಂಡ್ಮೇಲೆ ಮುಗೀತಮ್ಮ, ಹೊಲಿಯೋದಷ್ಟೇ."

ಒಂದು ಮಾತನ್ನು ಮಾತ್ರ ಒಪ್ಪಿಕೊಳ್ಳುತ್ತೇನೆ, ನೀನು ಬೀಗಬೇಡ. ಕೈ ಬೆಂದ ಆ ವಾರ ಎಡಗೈಯಲ್ಲೇ ಹಾಸಿಗೆಬಟ್ಟೆ ಮಡಚುತ್ತ ದೇವರನ್ನು ಚೆನ್ನಾಗಿ ಬೈದೆ. ಸ್ತೋತ್ರವಂತೆ ಸ್ತೋತ್ರ, ನಿನ್ನ ಕೈ ಸುಟ್ಟಿದ್ದರೆ ಗೊತ್ತಾಗುತ್ತಿತ್ತು ಎಂದೆ. ಹಾಗೆಂದ ಮರುಕ್ಷಣವೇ ಆ ಶಿಲುಬೆಯೂ ಆ ಮೊಳೆಗಳೂ ನೆನಪಾದವು. ಯೇಸುವಿನ ಕೈಯ ಮುಂದೆ ನನ್ನದೇನು ಮಹಾ ಎಂದು ನಾಚಿಕೆಯಾಯಿತು, ಆಮೇಲೆ ಅಳು ಬಂತು, ಆಮೇಲೆ ಹಗುರವಾಯಿತು. ಮೊಮ್ಮಗಳನ್ನು ಮೊದಲ ಸಲ ಎತ್ತಿಕೊಂಡಾಗಲೂ ನಿನ್ನ ಆ ಹಾಳು ಪ್ರಸಂಗವೇ ತಲೆಯಲ್ಲಿತ್ತು. ಇದು ನನ್ನ ಸಂಪಾದನೆಯಲ್ಲ, ಎರವಲು ತಂದದ್ದು ಅನಿಸಿತು, ಇನ್ನಷ್ಟು ಗಟ್ಟಿಯಾಗಿ ಅವಚಿಕೊಂಡೆ. ನಿನ್ನ ಮಾತುಗಳು ಹೀಗೆ ಹೊತ್ತಲ್ಲದ ಹೊತ್ತಿನಲ್ಲಿ ಬಂದು ಕೆಲಸ ಮಾಡುತ್ತವೆ, ಅದೇ ನನಗೆ ಸಿಟ್ಟು.

ಈಗ ತಲೆನೋವಿನ ವಿಷಯ. ನಲವತ್ತೆರಡು ಮುಗಿದಿವೆ. ಈ ಭಾನುವಾರದ್ದೇ ಕೊನೆಯದು, ನಿನ್ನವಳು ವಾರ್ಡಿನಲ್ಲಿದ್ದಾಗ ಅವಳ ಮಂಚದ ಪಕ್ಕ ಕೂತು ಬರೆದದ್ದು. ಎಲ್ಲರೂ ತಪ್ಪದೆ ಬರಬೇಕೆಂದು ದರ್ಜಿ ಮಾವ ಆಗಲೇ ಸಾರಿಬಿಟ್ಟಿದ್ದಾರೆ. ಅದು ಅರ್ಧ ಪುಟಕ್ಕೆ ನಿಂತಿದೆ ಎಂದು ಅವರಿಗೆ ಗೊತ್ತಿಲ್ಲ. "ಕೊಟ್ಟವನೂ ಆತನೇ, ಕರೆದುಕೊಳ್ಳುವವನೂ ಆತನೇ ಎಂದು ಇಷ್ಟು ವರ್ಷ ನಿಮಗೆ ಹೇಳಿದೆ. ಈ ವಾರ ಅದನ್ನು ನನಗೇ ಹೇಳಿಕೊಂಡೆ. ಆಗ" ಎಂದು ಬರೆದು ಕೈಬಿಟ್ಟಿದ್ದೀಯ. ಆಗ ಏನಾಯಿತು ಮಾರಾಯ? ನಾನೇ ಮುಗಿಸೋಣ ಎಂದು ಮೂರು ಸಲ ಕೂತೆ. ಮೊದಲನೆಯದು ಲಾಂಡ್ರಿಯ ಪಟ್ಟಿಯಂತಾಯಿತು, ಎರಡನೆಯದರಲ್ಲಿ ದೇವರಿಗೆ ಬೈಗುಳ, ಮೂರನೆಯದರಲ್ಲಿ ನಿನಗೆ.

ಆ ಮೂರನೆಯದನ್ನು ಇಲ್ಲೇ ಹೇಳಿಬಿಡುತ್ತೇನೆ. ಸಾವಾದ ಪ್ರತಿ ಮನೆಗೂ ಹೋಗಿ ಕೂತವನು ನೀನು. ಒಬ್ಬರೇ ಇರಬೇಡಿ, ಸಭೆ ಇರುವುದೇ ಇದಕ್ಕೆ ಎಂದು ಅವರ ಕೈಹಿಡಿದು ಹೇಳಿದವನು ನೀನು. ನಿನ್ನ ಸರದಿ ಬಂದಾಗ ನಮಗೆ ಬಂದು ಕೂರಲು ಒಂದು ಕುರ್ಚಿ ಕೂಡ ಹಾಕದೆ ಓಡಿಹೋದೆ. ಹೇಳುವುದು ಶಾಸ್ತ್ರ, ತಿನ್ನುವುದು ಬದನೆಕಾಯಿ. ನಿನಗೆ ಹೆಂಡತಿ ಹೋದಳು, ಸರಿ, ನನಗೂ ಒಬ್ಬ ತಂಗಿಯಂಥವಳು ಹೋದಳು. ಅವಳಿಗಾಗಿ ಯಾರ ಜೊತೆ ಕೂತು ಅಳಲಿ? ನಂಬಿಕೆಯೇ ಹೋಯಿತು ಎಂದಾದರೆ ಹಾಗೆಂದೇ ಬರೆದು ಕಳಿಸು, ಅದನ್ನೇ ಓದುತ್ತೇನೆ. ಪುಟದ ಮೇಲಿರುವುದನ್ನು ಬಿಡದೆ ಓದುವುದಷ್ಟೇ ನನ್ನ ಕೆಲಸ. ಶನಿವಾರದೊಳಗೆ ಉಳಿದರ್ಧ ನನ್ನ ಕೈ ಸೇರಬೇಕು.

ಅಮ್ಮ ಆಶೀರ್ವಾದ ಹೇಳಿದ್ದಾಳೆ, ಕಾಲಿಗೆ ಎಣ್ಣೆ ಹಚ್ಚಿಕೋ ಎಂದೂ ಹೇಳಿದ್ದಾಳೆ. ನೋವಿರುವುದು ಬೆನ್ನಿಗೆ ಎಂದರೆ ಅವಳಿಗೆ ಕೇಳಿಸುವುದಿಲ್ಲ. ಬೇಕರಿಯವರು ಈಗ ಮೊದಲ ಸಾಲಿಗೆ ಬಂದಿದ್ದಾರೆ, ಅಲ್ಲೇ ಮಲಗುತ್ತಾರೆ. ನೀನು ಬೇಡವೆಂದರೂ ದೇವರು ನಿನ್ನನ್ನು ಕಾಯಲಿ, ನನ್ನಷ್ಟೇ ಹಟ ಆತನಿಗೂ ಇದೆ.

ಇಂತು,
ನಿನ್ನ ಅಕ್ಕ

ತಾ.ಕ.: ವಾರ್ಡಿನ ಬಟ್ಟೆಗಾಡಿ ಬಾಗಿಲಿಗೆ ಬಂದಿದೆ, ಬೇಗ ಬರೆಯುತ್ತೇನೆ. ಆ ಅರ್ಧ ಪುಟದ ಕೆಳಗೆ ಕೆಂಪು ಶಾಯಿಯಲ್ಲಿ ಒಂದು ಸಾಲಿದೆ. ಮೊದಲೇ ನೋಡಿದ್ದೆ, ಇಷ್ಟುದ್ದ ಬರೆದರೂ ಅದನ್ನು ಬರೆಯಲು ಕೈ ಬಂದಿರಲಿಲ್ಲ. "ಇಲ್ಲಿ ಗಂಟಲು ಕಟ್ಟಿದರೆ ಅಕ್ಕನನ್ನು ನೋಡು. ಎರಡನೇ ಸಾಲು, ಕಿಟಕಿಯ ಪಕ್ಕ." ನಾನು ತಪ್ಪು ಹುಡುಕುತ್ತ ಕೂತಿದ್ದೆ ಕಣೋ, ನೀನು ನೋಡುತ್ತಿದ್ದದ್ದು ನನಗೆ ಗೊತ್ತೇ ಇರಲಿಲ್ಲ. ಈ ಭಾನುವಾರ ಆ ಸಾಲಿಗೆ ಬಂದಾಗ ನನ್ನ ಗಂಟಲು ಕಟ್ಟಿಯೇ ಕಟ್ಟುತ್ತದೆ. ಆಗ ನಾನು ಯಾರನ್ನು ನೋಡಲಿ, ಅಮ್ಮನ ಚೀಲವನ್ನೇ? ಉಳಿದರ್ಧ ಬರೆಯದಿದ್ದರೂ ಬಿಡು. ಪ್ರಾರ್ಥನೆ ಮಾಡಬೇಡ, ಹಾಡಬೇಡ, ಯಾರ ಜೊತೆಗೂ ಮಾತಾಡಬೇಡ, ಬೇಕಾದರೆ ಬೇಕರಿಯವರಂತೆ ತೂಕಡಿಸು. ಶನಿವಾರದ ಬಸ್ಸಿಗೆ ಬಂದು, ಆ ಚೀಲ ಪಕ್ಕಕ್ಕೆ ಸರಿಸಿ, ಸುಮ್ಮನೆ ಅಲ್ಲಿ ಕೂತುಕೋ.