ಅಗ್ಗದ ರಿಸೀವರ್‌ನ ಮೌನವ್ರತ

ಮಂಗಳವಾರ, ಹದಿನಾಲ್ಕು

ಇವತ್ತೂ ನಾಟಕದ ತಾಲೀಮು ತಪ್ಪಿತು. ಇನ್ನೊಮ್ಮೆ ತಪ್ಪಿಸಿದರೆ ನನ್ನ ಪಾತ್ರ ಬೇರೆಯವನಿಗಂತೆ. ಚಪ್ಪಲಿ ಮೆಟ್ಟುವಷ್ಟರಲ್ಲಿ ಟಿವಿ ಕೋಣೆಯಿಂದ ಅಪ್ಪನ ಕೂಗು: "ಲೋ, ನಿನ್ನ ಪೆಟ್ಟಿಗೆ ಮತ್ತೆ ಮೌನವ್ರತ ಹಿಡೀತು, ಬಾರೋ!"

ಅಪ್ಪನಿಗೆ ಕಿವಿ ಮಂದ. ಟಿವಿಯ ಮಾತು ಕೇಳಲಿ ಎಂದು ನಾನೇ ತಂದ ಅಗ್ಗದ ಹೋಂ ಥಿಯೇಟರ್ ರಿಸೀವರ್ ಅದು. ದನಿ ಸ್ವಲ್ಪ ಏರಿಸಿದರೆ ಬಿಸಿಯಾಗಿ ಆರಿಹೋಗುತ್ತದೆ. ತಣಿಸಿ, ಓಲೈಸಿ ಎಬ್ಬಿಸಲು ಬರುವುದು ನನಗೊಬ್ಬನಿಗೇ. ಸರೌಂಡ್ ಸೌಂಡ್ ಅಂದರೆ ಇದೇ: ನನ್ನನ್ನು ನಾಲ್ಕೂ ಕಡೆಯಿಂದ ಸುತ್ತುವರಿದಿದೆ.

ರೇಗಿ ಹೆಂಡತಿಗೆ ಅಂದೆ, "ನಾಳೇನೇ ಇದನ್ನ ಎಸೆದು ಒಳ್ಳೇದು ತರ್ತೀನಿ."

"ತನ್ನಿ ತನ್ನಿ. ಮಧ್ಯಾಹ್ನ ನೀವಿಲ್ಲದಾಗ ಆರಿಹೋದ್ರೆ ಮಾವನೇ ಸರಿ ಮಾಡ್ಕೋತಾರೆ. ನಿಮಗಿಂತ ಬೇಗ."

"ಮತ್ತೆ ಸಂಜೆ ಯಾಕೆ ನನ್ನ ಕೂಗ್ತಾರೆ?"

"ಸರಿ ಮಾಡಿದ್ಮೇಲೆ ನೀವೆಲ್ಲಿ ಕೂರ್ತೀರಿ, ಹೇಳಿ?"

ಅಪ್ಪನ ಪಕ್ಕ. ಸಿನಿಮಾ ಮುಗಿಯುವ ತನಕ. "ಮತ್ತೆ ಆರಿದ್ರೆ?" ಎಂದು ಅವರು ಏಳಗೊಡುವುದಿಲ್ಲ.

ಹೊಸದು ತಂದರೆ ನನ್ನನ್ನು ಕರೆಯಲು ಅವರಿಗೆ ನೆಪವಿಲ್ಲ. ತರದಿದ್ದರೆ ನನಗೆ ನಾಟಕವಿಲ್ಲ. ಗುಟ್ಟು ಗೊತ್ತಾಯಿತು ಎನ್ನಲು ನನಗೆ ಬಾಯಿ ಬರುತ್ತಿಲ್ಲ. ಪಾತ್ರ ಯಾರಿಗಾದರೂ ಕೊಡಲಿ. ಏನೂ ತಿಳಿಯದವನ ಪಾತ್ರ ನನಗೆ ಮನೆಯಲ್ಲೇ ಸಿಕ್ಕಿದೆ.

ಅಪ್ಪ ಇನ್ನೂ ಮಲಗಿಲ್ಲ. ಆಚೆ ಕೋಣೆಯಲ್ಲಿ ಟಿವಿಯ ದನಿ ಏರುತ್ತಿದೆ. ಕೇಳಿಸದೆ ಅಲ್ಲ, ಬೇಕೆಂದೇ ಏರಿಸುತ್ತಿದ್ದಾರೆ. ಈಗ ಆರುತ್ತದೆ, ಇನ್ನೇನು ಈಗ