ಕಾರಿಗೆ ಕಟ್ಟಿದ ಲಾಡಿ

ಅಕ್ಕಾ,

ಹೊರಡುವಾಗ ನೀನು ನನ್ನ ಬ್ಯಾಗಿಗೆ ತುರುಕಿದ ಲಂಗದ ಲಾಡಿಗಳನ್ನು ನೋಡಿ ಇವರು ನಕ್ಕಿದ್ದರಲ್ಲ, ಆ ನಗು ನಿನ್ನೆ ಮಳೆಯಲ್ಲಿ ಕೊಚ್ಚಿಹೋಯಿತು. ಇದು ಉತ್ತರದ ತುತ್ತತುದಿ. ಒಂದು ಪಕ್ಕ ಗಡಿಯ ಮುಳ್ಳುತಂತಿ, ಇನ್ನೊಂದು ಪಕ್ಕ ಬೋಳುಗುಡ್ಡ, ನರಪಿಳ್ಳೆಯಿಲ್ಲ. ಧೋ ಅಂತ ಸುರಿಯುವಾಗಲೇ ಕಾರಿನ ವೈಪರ್ ಕೈಕೊಟ್ಟಿತು. ದಾರಿ ವಿಷಯಕ್ಕೆ ಜಗಳವಾಡಿ ಬೆಳಿಗ್ಗೆಯಿಂದ ನಾವಿಬ್ಬರೂ ಮಾತು ಬಿಟ್ಟಿದ್ದೆವು. ನಾನೇ ಇಳಿದು, ವೈಪರಿಗೆ ಎರಡೂ ಕಡೆ ಲಾಡಿ ಬಿಗಿದು, ಒಂದು ತುದಿಯನ್ನು ಅವರ ಕಿಟಕಿಯಿಂದ, ಇನ್ನೊಂದನ್ನು ನನ್ನ ಕಿಟಕಿಯಿಂದ ಒಳಗೆ ತಂದೆ. ಇನ್ನು ಮಾತಾಡದೆ ವಿಧಿಯುಂಟೇ?

“ಎಳಿ.”

“ಎಳೆದೆ, ಈಗ ನೀವು.”

ಮಜ್ಜಿಗೆ ಕಡೆದ ಹಾಗೆ ಎಳೆದಾಡುತ್ತಾ ತೆವಳಿದೆವು. ಚೆಕ್‌ಪೋಸ್ಟಿನ ಕಾವಲುಗಾರ ನಮ್ಮನ್ನು ಕಂಡು ಹೊಟ್ಟೆ ಹಿಡಿದುಕೊಂಡು ನಕ್ಕ. ಕಾಗದಪತ್ರ ಕೇಳುವುದನ್ನೂ ಮರೆತು, ಒಳಗೆ ಕರೆದು ಒಲೆ ಮುಂದೆ ಕೂರಿಸಿದ. ಪುಣ್ಯಾತ್ಮ!

ಇಬ್ಬರಿಗೂ ನೆಗಡಿ, ಜ್ವರವಿಲ್ಲ, ಗಾಬರಿಯಾಗಬೇಡ. ನಿನ್ನ ಹೊಟ್ಟೆ ತಣ್ಣಗಿರಲಿ ಅಕ್ಕಾ. ಲಾಡಿ ಮಾತ್ರ ವಾಪಸ್ ಕೇಳಬೇಡ. ಇವತ್ತು ಮೆಕ್ಯಾನಿಕ್ ವೈಪರ್ ಸರಿಮಾಡಿದ ಮೇಲೆ ನಾನು ಬಿಚ್ಚಲು ಹೋದರೆ ಇವರೇ ಕೈ ಹಿಡಿದು ತಡೆದರು: “ಇರಲಿ ಬಿಡೇ, ಮುಂದಿನ ಜಗಳಕ್ಕೆ ಬೇಕಾಗುತ್ತೆ.”

ಕಾರ್ಡ್ ತುಂಬಿತು.

ನಿನ್ನ ತಂಗಿ