ಮಾಲಿನಿಗೆ ಕೇಳಿಸಿದ ಬ್ರೇಕು

ಭಾನುವಾರ, ೧೦ ಆಗಸ್ಟ್

ಡೆಂಕಣಿಕೋಟೆಯಿಂದ ಮತ್ತಿಗಿರಿಯವರೆಗೂ ಕಾರಿನಲ್ಲಿ ಹೆಂಡತಿ ಮಾಲಿನಿಯದು ಒಂದೇ ರಾಗ. "ಬ್ರೇಕ್ ಒತ್ತಿದಾಗೆಲ್ಲ ಕೀಂಯ್ ಅಂತೈತೆ, ಕೇಳಿಸ್ತಿಲ್ವೇನ್ರೀ?" ಕಿಟಕಿ ಇಳಿಸಿ, ಸದ್ದಿದ್ದರೆ ಗೋಡೆಗೆ ಬಡಿದು ವಾಪಸು ಕೇಳಲಿ ಎಂದು ಒಂದು ಕಾಂಪೌಂಡಿನ ಪಕ್ಕ ನಿಧಾನವಾಗಿ ಓಡಿಸಿ ಬ್ರೇಕ್ ಒತ್ತಿದೆ. ಏನೂ ಇಲ್ಲ. ನಿನ್ನ ಭ್ರಮೆ ಎಂದು ರೇಗಿದೆ. ಹಿಂದಿನ ಸೀಟಿನಿಂದ ಮಗಳು, "ನಂಗೂ ಕೇಳಿಸ್ತೈತಪ್ಪಾ" ಅಂದಳು.

ಬ್ರೇಕ್ ಪ್ಯಾಡ್ ಪೂರ್ತಿ ಸವೆದಿತ್ತು. ಗ್ಯಾರೇಜಿನ ದೇವರಾಜು ಬದಲಿಸಿದ. "ಈಗ ನಿಂತೋಯ್ತು" ಅಂದಳು ಮಾಲಿನಿ. ನನಗೆ ಏನೂ ನಿಲ್ಲಲಿಲ್ಲ.

ಫ್ಯಾಕ್ಟರಿಯಲ್ಲಿ ತಗಡು ಒತ್ತುವ ಯಂತ್ರಗಳು ದಿನವಿಡೀ ಗುಡುಗುವ ಪ್ರೆಸ್ ಶಾಪಿನಲ್ಲಿ ನಾವೆಲ್ಲ ಇಯರ್‌ಪ್ಲಗ್ಗನ್ನು ಕತ್ತಿಗೆ ನೇತುಹಾಕಿಕೊಂಡಿರುತ್ತೇವೆ, ಸೂಪರ್‌ವೈಸರ್ ಕಂಡಾಗ ಮಾತ್ರ ಕಿವಿಗೆ. ನನ್ನದು ಇನ್ನೂ ಹೊಸದರಂತಿದೆ.

ಮಲಗುವ ಮೊದಲು ಮಗಳು ಕಿವಿಯ ಹತ್ತಿರ ಏನೋ ಪಿಸುಗುಟ್ಟಿ, ನನ್ನ ಮುಖವನ್ನೇ ನೋಡಿದಳು. ಹೂಂ ಅಂದೆ. ಅವಳು ಏನು ಕೇಳಿದಳೋ, ನನಗೆ ಗೊತ್ತಾಗಲಿಲ್ಲ.